ತಾರಾ ಹೋಟೆಲ್ ಕೊಠಡಿ: 7,500 ರೂಪಾಯಿ ಗಡಿಯ ಲೆಕ್ಕಾಚಾರ

ಔಷಧದ ಪೊಟ್ಟಣದ ಮೇಲಿರುವಂತೆ ಹೋಟೆಲ್ ಕೊಠಡಿಗೆ ಗರಿಷ್ಠ ಮಾರಾಟ ಬೆಲೆ ಎಂಬುದಿಲ್ಲ. ಒಂದು ರಾತ್ರಿ ಖಾಲಿ ಉಳಿದ ಕೊಠಡಿಯ ಆದಾಯ ಮರಳಿ ಬಾರದು. ಆದ್ದರಿಂದ ಬೇಡಿಕೆ ಕುಗ್ಗಿದಾಗ ದರ ಇಳಿಸುವುದು, ಹೆಚ್ಚಿದಾಗ ಏರಿಸುವುದು ತಾರಾ ಹೋಟೆಲುಗಳ ಪದ್ಧತಿ. ಈ ಏರಿಳಿತದೊಡನೆ ತೆರಿಗೆಯ ಲೆಕ್ಕವನ್ನೂ ಅರಿತವರಿಗೆ ಗಣನೀಯ ಉಳಿತಾಯ ಸಾಧ್ಯ.

ತೆರಿಗೆಯ ಗಡಿ

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರದನ್ವಯ, ದಿನಕ್ಕೆ 7,500 ರೂ.ವರೆಗಿನ ಕೊಠಡಿಗೆ ಶೇ. 5ರಷ್ಟು ತೆರಿಗೆ. ಅದಕ್ಕೆ ಮೇಲ್ಪಟ್ಟರೆ ಪೂರ್ತಿ ಮೊತ್ತಕ್ಕೆ ಶೇ. 18. 7,500 ರೂ. ಕೊಠಡಿಗೆ ಗ್ರಾಹಕ ತೆರುವುದು 7,875 ರೂ.; 7,600 ರೂ. ಕೊಠಡಿಗೆ 8,968 ರೂ. ಅಂದರೆ ನೂರು ರೂಪಾಯಿ ವ್ಯತ್ಯಾಸಕ್ಕೆ 1,093 ರೂ. ಹೆಚ್ಚುವರಿ ಹೊರೆ.

ತೆರಿಗೆಯ ದರ ನಿರ್ಧಾರವಾಗುವುದು ಫಲಕದಲ್ಲಿ ಪ್ರಕಟಿಸಿದ ದರದಿಂದಲ್ಲ, ಗ್ರಾಹಕನಿಗೆ ವಾಸ್ತವವಾಗಿ ವಿಧಿಸಿದ ದರದಿಂದ. ಆದ್ದರಿಂದ ಗಡಿಯ ಆಸುಪಾಸಿನಲ್ಲಿರುವ ಕೊಠಡಿಗೆ ಅಲ್ಪ ರಿಯಾಯಿತಿ ಕೇಳಿದರೂ ಲಾಭ ದೊಡ್ಡದು. ಉಪಾಹಾರ ಸೇರಿದ ದರ ಗಡಿ ದಾಟುವಂತಿದ್ದರೆ ಉಪಾಹಾರರಹಿತ ದರವನ್ನೂ ವಿಚಾರಿಸುವುದು ಲೇಸು.

ದಿನದ ಆಯ್ಕೆ

ಬೆಂಗಳೂರಿನ ತಾರಾ ಹೋಟೆಲುಗಳಿಗೆ ಮುಖ್ಯ ಆಧಾರ ಉದ್ಯಮ ವ್ಯವಹಾರಕ್ಕೆ ಬರುವವರು. ಹೀಗಾಗಿ ಅಲ್ಲಿ ಶುಕ್ರವಾರ, ಶನಿವಾರದ ರಾತ್ರಿಗಳಲ್ಲಿ ದರ ಸಾಮಾನ್ಯವಾಗಿ ಇಳಿಮುಖ. ಕೊಡಗು, ಚಿಕ್ಕಮಗಳೂರಿನ ರೆಸಾರ್ಟುಗಳಲ್ಲಿ ಪರಿಸ್ಥಿತಿ ತದ್ವಿರುದ್ಧ; ಅಲ್ಲಿ ವಾರದ ಮಧ್ಯದ ದಿನಗಳೇ ಅಗ್ಗ. ದಸರಾ ವೇಳೆಯ ಮೈಸೂರು, ಯಲಹಂಕದ ಏರೋ ಇಂಡಿಯಾ ವೇಳೆಯ ಬೆಂಗಳೂರಿನಲ್ಲಿ ರಿಯಾಯಿತಿಯ ನಿರೀಕ್ಷೆ ವ್ಯರ್ಥ.

ನೇರ ವಿಚಾರಣೆ

ತನ್ನಲ್ಲಿರುವುದಕ್ಕಿಂತ ಕಡಿಮೆ ದರವನ್ನು ಹೋಟೆಲುಗಳು ಬೇರೆಡೆ ನೀಡಬಾರದೆಂಬ ಬುಕಿಂಗ್ ಜಾಲತಾಣವೊಂದರ ಷರತ್ತನ್ನು ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಆಕ್ಷೇಪಿಸಿತು. ಮೇಕ್‌ಮೈಟ್ರಿಪ್-ಗೋಐಬಿಬೋ ಸಂಸ್ಥೆಗೆ 223.48 ಕೋಟಿ ರೂ. ದಂಡ ವಿಧಿಸಿ, ಒಪ್ಪಂದಗಳನ್ನು ತಿದ್ದುವಂತೆ ಸೂಚಿಸಿತು. ಜಾಲತಾಣಕ್ಕೆ ಹೋಟೆಲು ಕಮಿಷನ್ ತೆರಬೇಕು. ನೇರವಾಗಿ ಬರುವ ಗ್ರಾಹಕನಿಂದ ಆ ಹಣ ಉಳಿಯುತ್ತದೆ. ಜಾಲತಾಣದ ದರವನ್ನು ತಿಳಿದುಕೊಂಡು ಹೋಟೆಲಿನ ಕಾಯ್ದಿರಿಸುವ ವಿಭಾಗಕ್ಕೆ ದೂರವಾಣಿ ಕರೆ ಮಾಡಿದರೆ ಅದೇ ದರವೋ, ಉಪಾಹಾರವೋ, ತಡವಾಗಿ ಕೊಠಡಿ ತೆರವು ಮಾಡುವ ಸೌಲಭ್ಯವೋ ದೊರೆಯುವ ಸಂಭವವಿದೆ.

ರದ್ದತಿ ಷರತ್ತು

ಹಣ ಮರುಪಾವತಿಯಿಲ್ಲದ ದರ ಅಗ್ಗವಾಗಿ ಕಂಡರೂ ಪ್ರಯಾಣ ಮುಂದೂಡಿದರೆ ಪೂರ್ತಿ ಹಣ ನಷ್ಟವಾದೀತು. ದಿನಾಂಕ ಖಚಿತವಿಲ್ಲದವರು ಉಚಿತ ರದ್ದತಿಗೆ ಅವಕಾಶವಿರುವ ದರದಲ್ಲಿ ಕಾಯ್ದಿರಿಸಿ, ಗಡುವಿಗೆ ಮುನ್ನ ಮತ್ತೊಮ್ಮೆ ದರ ಪರಿಶೀಲಿಸಬಹುದು. ಇಳಿದಿದ್ದರೆ ಹೊಸದಾಗಿ ಕಾಯ್ದಿರಿಸಿದ ಬಳಿಕವೇ ಹಳೆಯದನ್ನು ರದ್ದುಪಡಿಸಬೇಕು.

ಹೋಲಿಕೆ ಏನಿದ್ದರೂ ತೆರಿಗೆ, ಉಪಾಹಾರ, ಹೆಚ್ಚುವರಿ ಹಾಸಿಗೆಯ ಶುಲ್ಕ ಎಲ್ಲವೂ ಸೇರಿದ ಅಂತಿಮ ಮೊತ್ತಗಳ ನಡುವೆಯೇ ನಡೆಯಬೇಕು. ದೂರವಾಣಿಯಲ್ಲಿ ಒಪ್ಪಿದ ದರವನ್ನು ಇ-ಮೇಲ್ ಮೂಲಕ ಲಿಖಿತವಾಗಿ ಪಡೆದುಕೊಂಡರೆ ಬಿಲ್ ಪಾವತಿಯ ವೇಳೆ ವಾಗ್ವಾದಕ್ಕೆ ಆಸ್ಪದವಿರದು.