ಬಡವರ ಒಲೆಯ ಚರಿತ್ರೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯು ಅಶೋಕನ ಶಾಸನದಿಂದ ಪ್ರಖ್ಯಾತವಾದುದು. 1947ರಲ್ಲಿ ವೀಲರ್ ಎಂಬ ವಿದ್ವಾಂಸನು ಅಲ್ಲಿ ಅಗೆಯಿಸಿದಾಗ ಶಿಲಾಯುಗದ ಜನವಸತಿಯೂ ಬೆಳಕಿಗೆ ಬಂದಿತು. ನೆರೆಯ ಬಳ್ಳಾರಿ ಸೀಮೆಯ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನರು ಉಂಡ ಹುರುಳಿ, ಕಿರುಧಾನ್ಯಗಳ ಸುಟ್ಟು ಕರಿದಾದ ಕಾಳುಗಳು ದೊರೆತಿವೆ. ಹೀಗಿರಲು ಚಳ್ಳಕೆರೆಯ ಬಡ ಸಂಸಾರದ ಕಿರುಧಾನ್ಯದನ್ನಕ್ಕೂ ಹುರುಳಿಯ ಸಾರಿಗೂ ಸಾವಿರಾರು ವರ್ಷಗಳ ವಂಶಾವಳಿಯುಂಟು. ಅವುಗಳೊಡನೆ ಸೇರಿದ ಶೇಂಗಾಚಟ್ನಿಯೇ ಹೊಸತು. ಆ ಕಾಯಿ ದಕ್ಷಿಣ ಅಮೆರಿಕದಿಂದ ಬಂದು, ಎಣ್ಣೆಗಿರಣಿಗಳ ಮೂಲಕ ಊರಿಗೆ ಹೆಸರು ತಂದಿತು.

ಅಲ್ಪ ಮಳೆಗೂ ಫಲಿಸುವ ಈ ಧಾನ್ಯಗಳು ಬಡವರ ಆಸರೆ. ಮಳೆಯೇ ಕೈಬಿಟ್ಟ 1876–78ರ ಕ್ಷಾಮದಲ್ಲಾದರೋ ಮೈಸೂರು ಸಂಸ್ಥಾನದ ಲಕ್ಷಾಂತರ ಜನರು ಮಡಿದರು. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಗೌರವವು ಬಂದಿತು, ಬೆಲೆಯೂ ಏರಿತು. ಪಡಿತರದ ಅಕ್ಕಿಯುಣ್ಣುವ ಮನೆಗೆ ಹಿರಿಯರ ನವಣೆಯು ಈಗ ದುಬಾರಿಯಾಗಿರುವುದು ಶೋಚನೀಯ.