ಮಚ್ಛೆಯಿಂದ ಬೆಳಗಾವಿಗೆ: ಮೊದಲ ದಿನದ ನಡಿಗೆ

ಗೊತ್ತಿಲ್ಲದ ಊರಿಗೆ ಹೋದವನು ಮೊದಲ ದಿನ ಏನು ನೋಡುತ್ತಾನೆ? ಗುಡಿ, ಕೋಟೆ, ಪೇಟೆ ಅನ್ನುತ್ತವೆ ಪ್ರವಾಸದ ಪುಸ್ತಕಗಳು. ನಮ್ಮ ಕೇರಿಯಿಂದ ಹೋದವನು ಮೊದಲು ನೋಡುವುದು ರಾತ್ರಿ ಮಲಗೋಕೆ ಜಾಗ ಸಿಗುತ್ತದೋ ಇಲ್ಲವೋ ಅನ್ನುವುದನ್ನು.

ನಾನು ಚಾಮರಾಜನಗರದ ಕಡೆಯವನು. ಬಡಗಣ ಸೀಮೆ ಕಂಡವನಲ್ಲ. ತಮ್ಮನನ್ನು ಓದಿಗೆ ಬಿಡಲು ಮಚ್ಛೆಗೆ ಹೋದೆ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯ ಊರು ಅದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇರುವುದು ಅಲ್ಲೇ. ಒಂದು ಮನೆಯವರು ಬಾಡಿಗೆಗಿದ್ದ ಖೋಲಿಯ ಬೀಗ ತೆಗೆದು ತೋರಿಸಿದರು. "ಬರ್ರಿ, ಕೂಡ್ರಿ" ಅಂದರು. "ಯಾವೂರ್ರೀ?" ಅಂದರು. "ಯಾವ ಮಂದಿ ಪೈಕಿ?" ಅಂದರು. ಹೇಳಿದೆ. "ಖೋಲಿ ಖಾಲಿ ಇಲ್ರೀ" ಅಂದರು.

ಸಿಟ್ಟು ಬಂತು. ತಮ್ಮನ ಮುಂದೆ ತೋರಿಸಲಿಲ್ಲ. "ಬಾರೋ, ಊರು ನೋಡೋಣ" ಅಂದೆ. ಬೆಳಗಾವಿಯ ಕಡೆ ನಡೆದೆವು.

ಪೀರನವಾಡಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆ. ಅವನನ್ನು ಗಲ್ಲಿಗೇರಿಸಿದ್ದು ಇದೇ ಖಾನಾಪುರ ತಾಲೂಕಿನ ನಂದಗಡದಲ್ಲಿ, 1831ರಲ್ಲಿ. ಈ ಪ್ರತಿಮೆ ನಿಲ್ಲಿಸುವಾಗ, 2020ರಲ್ಲಿ, ಕನ್ನಡ-ಮರಾಠಿ ಅಂತ ದೊಡ್ಡ ಜಗಳವೇ ಆಯಿತು. ಎರಡು ಭಾಷೆಯ ಮಂದಿಯೂ ಖೋಲಿ ಕೊಡುವಾಗ ಕೇಳುವ ಪ್ರಶ್ನೆ ಮಾತ್ರ ಒಂದೇ.

ಉದ್ಯಮಬಾಗದ ಫೌಂಡ್ರಿಗಳನ್ನು ದಾಟಿ ಟಿಳಕವಾಡಿಗೆ ಬಂದೆವು. ಅಲ್ಲಿ ಕಾಂಗ್ರೆಸ್ ಬಾವಿ ಇದೆ. 1924ರ ಡಿಸೆಂಬರ್ 26 ಮತ್ತು 27ರಂದು ಇಲ್ಲಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾದದ್ದು ಅದೊಂದೇ ಸಲ. ಗಂಗಾಧರರಾವ್ ದೇಶಪಾಂಡೆಯವರು ಮುಂದೆ ನಿಂತು ಏರ್ಪಾಡು ಮಾಡಿದರು. ಅಧಿವೇಶನದ ನೀರಿಗಾಗಿ ತೋಡಿದ ಬಾವಿ ಇದು. ಖರ್ಚು 4,370 ರೂಪಾಯಿ 3 ಆಣೆ ಅಂತ ಲೆಕ್ಕ ಉಳಿದಿದೆ. ಆಣೆಯ ಲೆಕ್ಕ ಇದೆ. ಅಗೆದವರ ಹೆಸರು ಎಲ್ಲಿ ಅಂತ ತಮ್ಮ ಕೇಳಿದ. ನಮ್ಮ ಕಣ್ಣಿಗೆ ಬೀಳಲಿಲ್ಲ.

ಅದೇ ಅಧಿವೇಶನದ ಹೊತ್ತಿನಲ್ಲಿ ಅಸ್ಪೃಶ್ಯತೆಯ ಬಗ್ಗೆ ಬೇರೆ ಪರಿಷತ್ತೂ ನಡೆಯಿತು, ಗಾಂಧೀಜಿ ಮಾತಾಡಿದರು. ಶಿಬಿರದ ನೈರ್ಮಲ್ಯದ ಹೊಣೆ ಕಾಕಾ ಕಾಲೇಲ್ಕರ್ ಅವರದು. 75 ಸ್ವಯಂಸೇವಕರು, ಹೆಚ್ಚಿನವರು ಬ್ರಾಹ್ಮಣರು, ಕಕ್ಕಸು ಬಳಿದರು ಅಂತ ಗಾಂಧೀಜಿ ಮೆಚ್ಚಿ ಬರೆದರು. ಇದು ಸಣ್ಣ ಮಾತಲ್ಲ, ಒಪ್ಪೋಣ. ಆ ಕಾಲಕ್ಕೆ ಜನಿವಾರದ ಕೈ ಪೊರಕೆ ಹಿಡಿಯುವುದು ಸುಲಭವಿರಲಿಲ್ಲ. ಆದರೆ ಗೆಳೆಯರೇ, ಲೆಕ್ಕ ನೋಡಿ. ಕೆಲವು ದಿನ ಪೊರಕೆ ಹಿಡಿದವರು 75 ಮಂದಿ ಅಂತ ಚರಿತ್ರೆಯಲ್ಲಿ ಉಳಿಯಿತು. ಹುಟ್ಟಿದ ತಪ್ಪಿಗೆ ಬದುಕೆಲ್ಲ ಪೊರಕೆ ಹಿಡಿದ ಪುರಸಭೆಯ ಜಾಡಮಾಲಿಗಳೂ ಅಲ್ಲಿ ದುಡಿದರು. ಅವರಿಗೆ ಸಿಕ್ಕಿದ್ದು ಅದೇ ಬರಹದಲ್ಲಿ ಒಂದು ಗೆರೆ. ಎಷ್ಟು ಮಂದಿ ಅನ್ನುವ ಲೆಕ್ಕ ಸಿಗಲಿಲ್ಲ.

ಅದೇ ಚಳಿಗಾಲದಲ್ಲಿ ಇನ್ನೊಂದು ದಾರಿಯೂ ತೆರೆಯುತ್ತಿತ್ತು. 1924ರ ಜುಲೈನಲ್ಲಿ ಮುಂಬಯಿಯಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿದ್ದರು. ಬೆಳಗಾವಿಯ ಚಪ್ಪರ ಬಿಚ್ಚಿದ ಮೇಲೆ, 1925ರ ಜನವರಿಯಲ್ಲಿ, ಆ ಸಭೆ ಸೋಲಾಪುರದಲ್ಲಿ ನಮ್ಮ ಮಕ್ಕಳಿಗೆ ವಸತಿಗೃಹ ತೆರೆಯಿತು. ಏಪ್ರಿಲ್‌ನಲ್ಲಿ ಇದೇ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತು ಸೇರಿತು. ಬಾಬಾಸಾಹೇಬರು ಬಂದರು. ಟಿಳಕವಾಡಿಯಲ್ಲಿ ನಮ್ಮ ಪರವಾಗಿ ಬೇರೆಯವರು ಮಾತಾಡಿದರು. ನಾಲ್ಕು ತಿಂಗಳೊಳಗೆ ನಿಪ್ಪಾಣಿಯಲ್ಲಿ ನಾವೇ ಮಾತಾಡಿದೆವು.

ವಸತಿಗೃಹವೇ ಯಾಕೆ ಮೊದಲು ಬಂತು? ಉತ್ತರ ಬರೋಡದಲ್ಲಿದೆ. 1917ರಲ್ಲಿ, ಕೊಲಂಬಿಯಾ, ಲಂಡನ್ನುಗಳಲ್ಲಿ ಓದಿ ಬಂದ ಬಾಬಾಸಾಹೇಬರಿಗೆ ಬರೋಡ ಸಂಸ್ಥಾನದಲ್ಲಿ ನೌಕರಿ ಇತ್ತು, ಇರೋಕೆ ಮನೆ ಇರಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ಒಂದು ಡಜನ್ ಮಂದಿ ದೊಣ್ಣೆ ಹಿಡಿದು ಬಂದು ಖಾಲಿ ಮಾಡು ಅಂದರು. ಸ್ನೇಹಿತರ ಬಾಗಿಲೂ ತೆರೆಯಲಿಲ್ಲ. ಸಾರ್ವಜನಿಕ ಉದ್ಯಾನದಲ್ಲಿ ಕೂತಿದ್ದು, ರಾತ್ರಿ ಮುಂಬಯಿಯ ರೈಲು ಹತ್ತಿದರು. ಅಷ್ಟು ಓದಿದವರಿಗೇ ಹಾಗಾದರೆ, ಹಳ್ಳಿಯಿಂದ ಸ್ಲೇಟು ಹಿಡಿದು ಪಟ್ಟಣಕ್ಕೆ ಬರುವ ಹುಡುಗನಿಗೆ ಯಾರು ಬಾಗಿಲು ತೆರೆದಾರು? ಅದಕ್ಕೇ ಸೋಲಾಪುರ. ಅದಕ್ಕೇ 1929ರಲ್ಲಿ ಧಾರವಾಡದ ವಸತಿಗೃಹ. ಬಾಗಿಲು ತೆರೆಯಲಿ ಅಂತ ಕಾಯುತ್ತಾ ಕೂತಿದ್ದರೆ ನಮ್ಮಲ್ಲಿ ಎಷ್ಟು ಮಂದಿ ಇದನ್ನು ಓದುತ್ತಿದ್ದೆವು?

ಸಂಜೆ ವಾಪಸ್ ನಡೆಯುತ್ತಾ ಉದ್ಯಮಬಾಗದಲ್ಲಿ ಚಹಾ ಕುಡಿಯಲು ನಿಂತೆವು. ಪಕ್ಕದಲ್ಲಿ ಪಾಳಿ ಮುಗಿಸಿದ ಫೌಂಡ್ರಿ ಕೆಲಸಗಾರ. ಮಾತು ಮರಾಠಿ. ನಮ್ಮ ಚೀಲ ನೋಡಿ ಹರಕು ಕನ್ನಡದಲ್ಲಿ "ಊಟ ಆತೇನ್ರೀ?" ಅಂತ ಕೇಳಿದ. ಯಾವ ಮಂದಿ ಅಂತ ಕೇಳಲಿಲ್ಲ. ಅವನ ಒಂದೇ ಕೋಣೆಯ ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಪಟ. ಆ ರಾತ್ರಿ ಅದರ ಕೆಳಗೇ ಮಲಗಿದೆವು. ಬೆಳಿಗ್ಗೆ ತಮ್ಮನ ಕೈಯಲ್ಲಿ ಹಾಸ್ಟೆಲ್ ಅರ್ಜಿ ಬರೆಸಿದೆ.

ಮೇಷ್ಟ್ರುಗಳಿಗೆ ಒಂದು ಮಾತು. ಮಕ್ಕಳನ್ನು ಕಾಂಗ್ರೆಸ್ ಬಾವಿಗೆ ಕರೆದುಕೊಂಡು ಹೋಗಿ, ತಪ್ಪಿಲ್ಲ. ಅಲ್ಲೇ ನಿಂತು ನಿಪ್ಪಾಣಿಯ ಪರಿಷತ್ತಿನ ಸಂಗತಿಯನ್ನೂ ಹೇಳಿ. ಹಾಸ್ಟೆಲ್ಲಿನ ಮಗು ಇದ್ದರೆ ಅದನ್ನು ಮುಂದೆ ನಿಲ್ಲಿಸಿಕೊಂಡು ಹೇಳಿ.