ಮನೆ ನಂಬರ್ ಇಲ್ಲದವರ ಆಸ್ಪತ್ರೆ

ಹುಣಸೂರಿನಿಂದ ಗೋಣಿಕೊಪ್ಪಲಿಗೆ ಬರುವವರು ಆನೆಚೌಕೂರಿನ ಕಾಡು, ಮತ್ತಿಗೋಡಿನ ಆನೆ ಶಿಬಿರ ದಾಟಿದರೆ ಕೊಡಗಿನಲ್ಲಿ ಮೊದಲು ಸಿಗೋ ಊರು ತಿತಿಮತಿ. ಬಸ್ಸು ಎರಡು ನಿಮಿಷ ನಿಲ್ಲುತ್ತೆ. ಕಿಟಕಿಯಿಂದ ನೋಡಿದವರಿಗೆ ಇದೊಂದು ಸಣ್ಣ ರಸ್ತೆ ಬದಿಯ ಊರು, ಅಷ್ಟೆ. ಆದರೆ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಚೀಟಿಗೆ ನಿಂತ ಸಾಲಿಗೆ ಕಿವಿ ಕೊಟ್ಟರೆ ಬೇರೆಯದೇ ಭೂಪಟ ಕಾಣುತ್ತೆ. ಜೇನುಕುರುಬರ ಮಾತು, ಯರವರ ಮಾತು, ಕೊಡವ ತಕ್ಕ್, ಮಲಯಾಳಂ, ತಮಿಳು, ತುಳು, ಮೈಸೂರು ಕಡೆಯ ಕನ್ನಡ. ಇತ್ತೀಚೆಗೆ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಾತು ಕೂಡ.

ನಾನು ಬೆಳೆದದ್ದು ಇದೇ ಸೀಮೆಯ ಒಂದು ಹಳ್ಳಿಯಲ್ಲಿ. ಈಗ ಬೆಂಗಳೂರಲ್ಲಿ ಕೂತು ಸಾಫ್ಟ್‌ವೇರ್ ಬರೀತೀನಿ. ಪ್ರತಿ ಸಾಫ್ಟ್‌ವೇರಿನ ಒಳಗೂ "ಬಳಕೆದಾರ ಅಂದ್ರೆ ಯಾರು" ಅನ್ನೋದಕ್ಕೆ ಒಂದು ಊಹೆ ಇರುತ್ತೆ. ಹೊರಗೆ ಯಾರಿಗೂ ಕಾಣಿಸಲ್ಲ, ಆದರೆ ಯಾರಿಗೆ ಕೆಲಸ ಆಗುತ್ತೆ, ಯಾರಿಗೆ ಆಗಲ್ಲ ಅಂತ ನಿರ್ಧಾರ ಮಾಡೋದು ಅದೇ. ಸರ್ಕಾರಿ ಆಸ್ಪತ್ರೆಯ ಇತಿಹಾಸ ಓದುತ್ತಾ ಹೋದಾಗ ಅಲ್ಲೂ ಅಂಥದೇ ಒಂದು ಊಹೆ ಇದೆ ಅನ್ನಿಸ್ತು: ರೋಗಿ ಅಂದರೆ ಒಂದೇ ಊರಲ್ಲಿ, ಒಂದೇ ಮನೆಯಲ್ಲಿ ವರ್ಷವಿಡೀ ಇರೋ ಮನುಷ್ಯ. ಕೊಡಗಿನ ತೋಟದ ಜನ ಯಾವತ್ತೂ ಹಾಗೆ ಇರಲಿಲ್ಲ. ಈ ಬರಹ ಆ ಅಂತರದ ಕಥೆ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ತೆಗೆದುಕೊಂಡರು. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಪ್ಲಾಂಟರು ಮಡಿಕೇರಿಯಲ್ಲಿ ತೋಟ ಶುರು ಮಾಡಿದ. ಅವನ ಹಿಂದೆಯೇ ಇನ್ನಷ್ಟು ಜನ ಬಂದು ಕಾಡು ಕಡಿದು ಕಾಫಿ ಹಾಕಿದರು. ಗುಂಡಿ ತೋಡೋದಕ್ಕೆ, ಕಳೆ ತೆಗೆಯೋದಕ್ಕೆ, ಹಣ್ಣು ಕುಯ್ಯೋದಕ್ಕೆ ಕೈ ಬೇಕಿತ್ತು. ಯರವರು ಅದಕ್ಕೂ ಮೊದಲೇ ಗದ್ದೆಗಳಲ್ಲಿ ಒಡೆಯರಿಗೆ ಕಟ್ಟುಬಿದ್ದು ದುಡಿಯುತ್ತಿದ್ದರು. ಮಿಕ್ಕವರು ಹೊರಗಿನಿಂದ ಬಂದರು, ಮುಖ್ಯವಾಗಿ ಮೈಸೂರು ಸೀಮೆಯಿಂದ. ಮೇಸ್ತ್ರಿ ಹಳ್ಳಿಗೆ ಬಂದು ಮುಂಗಡ ಕೊಟ್ಟು ಆಳು ಕರ್ಕೊಂಡು ಹೋಗುತ್ತಿದ್ದ. ಮುಂಗಡ ತಿಂದು ಕೆಲಸ ಬಿಟ್ಟು ಓಡಿದವರನ್ನು ಶಿಕ್ಷಿಸೋಕೆ 1859ರ ಒಂದು ಕಾನೂನೇ ಇತ್ತು.

ಓಡೋಕೆ ದೊಡ್ಡ ಕಾರಣ ಜ್ವರ. ನಮ್ಮಜ್ಜಿ ಹುಣಸೂರು ಕಡೆಯವರು. ಅವರ ಮಾತಲ್ಲೇ ಹೇಳೋದಾದರೆ, "ಕೊಡಗಿಗೆ ಹೋದೋರು ದುಡ್ಡು ತರ್‍ತಿದ್ರೋ ಇಲ್ವೋ, ಚಳಿಜ್ವರ ಮಾತ್ರ ಹೊತ್ಕೊಂಡೇ ಬರೋರು ಕಣಪ್ಪ." ಇದು ಬರೀ ಅಜ್ಜಿ ಮಾತಲ್ಲ. ಮಲೆನಾಡಿನ ಮಲೇರಿಯಾ ಹರಡೋ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಅನ್ನೋ ಸೊಳ್ಳೆ ಕೊಳಚೆ ನೀರಿನಲ್ಲಿ ಹುಟ್ಟೋದಲ್ಲ. ನಿಧಾನವಾಗಿ ಹರಿಯೋ ತಿಳಿನೀರಿನ ತೊರೆಯ ಅಂಚಿನ ಹುಲ್ಲಲ್ಲಿ ಮೊಟ್ಟೆ ಇಡುತ್ತೆ. ತೊರೆ ಇಲ್ಲದ ತೋಟ ಕೊಡಗಲ್ಲಿ ಎಲ್ಲಿದೆ? ಕೆಲಸದವರ ಲೈನ್‌ಮನೆ ಕಟ್ಟುತ್ತಿದ್ದದ್ದೂ ನೀರಿನ ಹತ್ತಿರವೇ.

ಈಗ ಒಂದು ಸಣ್ಣ ಲೆಕ್ಕ ಹಾಕಿ. ಹುಣಸೂರು ಮೈಸೂರು ಮಹಾರಾಜರ ರಾಜ್ಯ. ತಿತಿಮತಿ ಚೀಫ್ ಕಮಿಷನರ್ ಆಳುತ್ತಿದ್ದ ಬ್ರಿಟಿಷ್ ಕೊಡಗು. ಆಳು ಜ್ವರ ಹಿಡಿಸಿಕೊಂಡದ್ದು ಕೊಡಗಿನಲ್ಲಿ, ಮಲಗಿದ್ದು ಮೈಸೂರಿನ ಹಳ್ಳಿಯಲ್ಲಿ. ಆ ಜ್ವರ ಯಾರ ಪುಸ್ತಕಕ್ಕೆ ಸೇರಬೇಕು? ತೋಟದ ಲೆಕ್ಕದಲ್ಲಿ ಅವನು "ಊರಿಗೆ ಹೋದವನು". ಊರಿನ ಲೆಕ್ಕದಲ್ಲಿ "ಘಟ್ಟಕ್ಕೆ ಹೋಗಿ ಕೆಟ್ಟವನು". ಎರಡೂ ಕಡೆ ಜವಾಬ್ದಾರಿ ಇಲ್ಲ.

ಇದೇ ಹೊತ್ತಿನಲ್ಲಿ ಕಾಡಿನ ಆಚೆ ಬದಿಯ ಮೈಸೂರಿನಲ್ಲಿ ಒಳ್ಳೆಯ ಕೆಲಸ ನಡೆಯುತ್ತಿತ್ತು ಅನ್ನೋದನ್ನ ಮರೀಬಾರದು. 1920ರ ದಶಕದ ಕೊನೆಗೆ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಜೊತೆ ಸೇರಿ ಸಾರ್ವಜನಿಕ ಆರೋಗ್ಯಕ್ಕೆ ಹೊಸ ರೂಪ ಕೊಡಲು ಹೊರಟಿತು. ನಾಗೇನಹಳ್ಳಿ, ಮೂಡಿಗೆರೆ, ಹಿರಿಯೂರುಗಳಲ್ಲಿ ಮಲೇರಿಯಾ ಅಧ್ಯಯನ ಕೇಂದ್ರ ನಡೆದವು. ಮಂಡ್ಯದಲ್ಲಿ, ಆಮೇಲೆ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇವತ್ತಿನ ರಾಮನಗರದಲ್ಲಿ, ಗ್ರಾಮೀಣ ಆರೋಗ್ಯ ಘಟಕ ಬಂದವು. ರೋಗಿ ಬರೋವರೆಗೂ ಕಾಯದೆ ಸಿಬ್ಬಂದಿಯೇ ಮನೆಮನೆಗೆ ಹೋಗಬೇಕು, ಹೆರಿಗೆ, ಶೌಚ, ಲಸಿಕೆ ಎಲ್ಲವನ್ನೂ ಒಂದೇ ಘಟಕ ನೋಡಬೇಕು ಅನ್ನೋ ಯೋಚನೆ ಅಲ್ಲಿ ಕೆಲಸಕ್ಕೆ ಬಂತು. ಇವತ್ತಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಅಜ್ಜಂದಿರಲ್ಲಿ ಇವೂ ಸೇರಿವೆ. ಆದರೆ ಈ ಪ್ರಯೋಗಗಳ ಮಾದರಿ ಹಳ್ಳಿ ಬಯಲುಸೀಮೆಯದು, ಮನೆ ಸಾಲಾಗಿರೋದು, ಜನ ಅಲ್ಲೇ ಇರೋದು.

1943ರಲ್ಲಿ ಸರ್ ಜೋಸೆಫ್ ಭೋರ್ ಸಮಿತಿ ನೇಮಕ ಆಯ್ತು, 1946ರಲ್ಲಿ ವರದಿ ಕೊಡ್ತು. ಸದ್ಯಕ್ಕೆ 40,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಮುಂದೆ 10ರಿಂದ 20 ಸಾವಿರ ಜನಕ್ಕೆ 75 ಹಾಸಿಗೆಯ ಆಸ್ಪತ್ರೆ ಇರೋ ಘಟಕ ಅಂತ ಅದರ ಕನಸು. ದುಡ್ಡಿಲ್ಲದವರಿಗೂ ಚಿಕಿತ್ಸೆ ಸಿಗಬೇಕು ಅಂತ ಹೇಳಿದ ವರದಿ ಅದು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಬ್ಲಾಕಿಗೊಂದರಂತೆ ಕೇಂದ್ರಗಳು ಏಳತೊಡಗಿದವು. ಆದರೆ ಒಂದೊಂದಕ್ಕೂ 60 ಸಾವಿರ ಅಥವಾ ಅದಕ್ಕೂ ಹೆಚ್ಚು ಜನ, ಹಾಸಿಗೆ ಬರೀ 6. ಆಗ ಕೊಡಗು ತನ್ನದೇ ವಿಧಾನಸಭೆ, ಸಿ.ಎಂ. ಪೂಣಚ್ಚನವರ ಸರ್ಕಾರ ಇದ್ದ ಪುಟ್ಟ ರಾಜ್ಯ. 1956ರ ನವೆಂಬರ್ 1ಕ್ಕೆ ಮೈಸೂರಿನ ಜೊತೆ ಸೇರಿತು. ಕಾಡಿನ ನಡುವೆ ಇದ್ದ ರಾಜ್ಯದ ಗಡಿ ಬರೀ ಜಿಲ್ಲೆಯ ಗಡಿಯಾಯಿತು.

ಈ ನಡುವೆ ಡಿಡಿಟಿ ಬಂದಿತ್ತು. 1946ರಲ್ಲಿ ಆಗಿನ ಮುಂಬಯಿ ಪ್ರಾಂತ್ಯದ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳಲ್ಲಿ ಡಾ. ಡಿ.ಕೆ. ವಿಶ್ವನಾಥನ್ ದೊಡ್ಡ ಮಟ್ಟದಲ್ಲಿ ಸಿಂಪಡಿಸಿ ತೋರಿಸಿದರು. 1949ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನ ಪ್ರಾತ್ಯಕ್ಷಿಕೆ ತಂಡಗಳು ದೇಶದ ನಾಲ್ಕು ಕಡೆ ಬಂದವು. ಅದರಲ್ಲೊಂದು ಮೈಸೂರಿನ ಮಲೆನಾಡು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ಅದೇ ನಿರ್ಮೂಲನ ಕಾರ್ಯಕ್ರಮ. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ, 8 ಲಕ್ಷ ಸಾವು ಅನ್ನೋ ಅಂದಾಜಿತ್ತು. 1960ರ ದಶಕದ ಮಧ್ಯಕ್ಕೆ ಅದು ಸುಮಾರು 1 ಲಕ್ಷ ಪ್ರಕರಣಕ್ಕೆ ಇಳಿಯಿತು. ಇಂಥ ಗೆಲುವು ನಮ್ಮ ದೇಶ ಕಂಡದ್ದು ಕಡಿಮೆ. ನಮ್ಮ ಸೀಮೆಯಲ್ಲಿ ಇವತ್ತು ಅಜ್ಜಂದಿರಾಗಿರೋ ಎಷ್ಟೋ ಜನ ಬದುಕಿ ಉಳಿದದ್ದರಲ್ಲಿ ಡಿಡಿಟಿ ಪಂಪ್ ಹೊತ್ತು ನಡೆದ, ಹೆಸರೇ ಗೊತ್ತಿಲ್ಲದ ಕೆಲಸಗಾರರ ಪಾಲಿದೆ.

ಆದರೆ 1976ರ ಹೊತ್ತಿಗೆ ಪ್ರಕರಣ ಮತ್ತೆ 64 ಲಕ್ಷಕ್ಕೆ ಏರಿತು. ಸೊಳ್ಳೆ ಡಿಡಿಟಿಗೆ ಬಗ್ಗದೇ ಹೋದದ್ದು, ದುಡ್ಡು ಕಡಿಮೆಯಾದದ್ದು ಹೀಗೆ ಕಾರಣ ಹಲವು. ತಿತಿಮತಿಯಂಥ ಊರಿಗೆ ಹತ್ತಿರದ ಕಾರಣ ಇನ್ನೊಂದಿದೆ. ಡಿಡಿಟಿ ಕೆಲಸ ಮಾಡೋದು ಗೋಡೆ ಇದ್ದರೆ. ಸೊಳ್ಳೆ ರಕ್ತ ಕುಡಿದು ಗೋಡೆ ಮೇಲೆ ಕೂತಾಗ ಸಾಯಬೇಕು. ಬಿದಿರು ತಡಿಕೆ, ಹುಲ್ಲು ಹೊದಿಕೆಯ ಗುಡಿಸಲಿಗೆ ಯಾವ ಗೋಡೆ? ಗೋಡೆ ಇಲ್ಲದ ಗುಡಿಸಲು, ಕೆಲಸಕ್ಕಾಗಿ ಊರಿಂದೂರಿಗೆ ಅಲೆಯೋ ಜನ, ಇವೆರಡೂ ನಿರ್ಮೂಲನ ಕಾರ್ಯಕ್ರಮಕ್ಕೆ ಲೋಕದಲ್ಲೆಲ್ಲ ತೊಡಕಾದವು. ಸಿಂಪಡಿಸಿದ ಮೇಲೆ ಜ್ವರ ಸಮೀಕ್ಷೆಯವರು ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದು ರಕ್ತದ ಲೇಪ ತೆಗೆದುಕೊಳ್ಳಬೇಕು. ಅವರ ಪುಸ್ತಕದಲ್ಲಿರೋದು ಮನೆ ನಂಬರ್. ಫಲಿತಾಂಶ ಬಂದಾಗ ಆ ಮನುಷ್ಯ ಇನ್ನೊಂದು ತೋಟದಲ್ಲಿ ಇರ್ತಾನೆ. ಇವತ್ತಿಗೂ ವೈವ್ಯಾಕ್ಸ್ ಮಲೇರಿಯಾಕ್ಕೆ ಕ್ಲೋರೋಕ್ವಿನ್ 3 ದಿನ, ಪ್ರೈಮಾಕ್ವಿನ್ 14 ದಿನ. ಹದಿನಾಲ್ಕು ದಿನ ಒಂದೇ ಲೈನ್‌ಮನೆಯಲ್ಲಿ ಇರ್ತೀನಿ ಅಂತ ಕಾಫಿ ಕುಯ್ಲಿಗೆ ಬಂದವನು ಯಾವ ಧೈರ್ಯದ ಮೇಲೆ ಹೇಳಬೇಕು?

ತೋಟದವರ ಹೊಣೆ ಇಲ್ಲವಾ ಅಂತ ನೀವು ಕೇಳಬಹುದು. ಇದೆ. 2025ರವರೆಗೆ ಜಾರಿಯಲ್ಲಿದ್ದ 1951ರ ತೋಟ ಕಾರ್ಮಿಕರ ಕಾಯ್ದೆ ಕೆಲಸದವರಿಗೂ ಅವರ ಮನೆಯವರಿಗೂ ವೈದ್ಯಕೀಯ ಸೌಲಭ್ಯ ಕೊಡಬೇಕು ಅನ್ನುತ್ತಿತ್ತು. ಮೊದಲು ಅದು 25 ಎಕರೆ, 30 ಜನ ಕೆಲಸದವರು ಇದ್ದ ತೋಟಕ್ಕೆ ಅನ್ವಯವಾಗುತ್ತಿತ್ತು. 1981ರ ತಿದ್ದುಪಡಿ ಆ ಮಿತಿಯನ್ನ 5 ಹೆಕ್ಟೇರ್, 15 ಜನಕ್ಕೆ ಇಳಿಸಿತು. ದೊಡ್ಡ ಕಂಪನಿ ಎಸ್ಟೇಟಿಗೆ ಇದು ಸರಿ. ಆದರೆ ಕೊಡಗಿನ ತುಂಬ ಇರೋದು ಸಣ್ಣ ಬೆಳೆಗಾರರು. ನಾಲ್ಕೈದು ಎಕರೆಯವರು ಕುಯ್ಲಿಗೆ ಹತ್ತು ದಿನ ಆಳು ಕರೀತಾರೆ. ಅವರೂ ಸಾಲದಲ್ಲೇ ಇರೋರು, ಆಸ್ಪತ್ರೆ ಎಲ್ಲಿಂದ ಕಟ್ಟಬೇಕು? ಹಾಗಾಗಿ ಹತ್ತು ದಿನಕ್ಕೊಂದು ತೋಟ ಬದಲಿಸೋ ಕೂಲಿಯವರಿಗೆ ಉಳಿಯೋದು ಸರ್ಕಾರಿ ಕೇಂದ್ರ ಮಾತ್ರ. ಅಲ್ಲೂ ಕೂಲಿಗೆ ರಜೆ ಇರೋ ಭಾನುವಾರವೇ ಹೊರರೋಗಿ ವಿಭಾಗಕ್ಕೂ ರಜೆ.

ಕಾಡಿನವರ ಕಥೆ ಇನ್ನೂ ಕಠಿಣ. ನಾಗರಹೊಳೆ 1955ರಲ್ಲಿ ವನ್ಯಧಾಮ ಆಯ್ತು, 1980ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನ. ಜೇನುಕುರುಬರು, ಬೆಟ್ಟಕುರುಬರು, ಯರವರು ಇದ್ದ ಹಾಡಿಗಳು ಒಂದೊಂದಾಗಿ ಅಂಚಿಗೆ ಬಂದವು. ಕೆಲವರು ಪುನರ್ವಸತಿ ಅಂತ ಹುಣಸೂರು ತಾಲ್ಲೂಕಿನ ನಾಗಾಪುರಕ್ಕೆ ಹೋದರು, ಕೆಲವರು ತೋಟದ ಲೈನ್‌ಮನೆ ಸೇರಿದರು. 2006ರ ಅರಣ್ಯ ಹಕ್ಕು ಕಾಯ್ದೆ ಬರೋವರೆಗೆ ಕಾಗದದ ಮೇಲೆ ಅವರು ತಮ್ಮ ಊರಲ್ಲೇ ಒತ್ತುವರಿದಾರರು. ಹಕ್ಕುಪತ್ರ ಇಲ್ಲದ ಜಾಗದಲ್ಲಿ ಪಕ್ಕಾ ಮನೆ ಕಷ್ಟ, ರಸ್ತೆ ಕಷ್ಟ. ರಸ್ತೆ ಇಲ್ಲದ ಕಡೆ ಆಂಬುಲೆನ್ಸ್ ಕಷ್ಟ. ರಾತ್ರಿ ಹೆರಿಗೆ ನೋವು ಬಂದರೆ ಆನೆ ದಾರಿ ಬಿಡಬೇಕು.

ಹಳೇ ಜ್ವರ ಈ ಜನರ ರಕ್ತದಲ್ಲೂ ಒಂದು ಗುರುತು ಬಿಟ್ಟು ಹೋಗಿದೆ. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬಿಬ್ಬರು ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ಅಂದರೆ ಕುಡುಗೋಲು ಆಕಾರದ ರಕ್ತಕಣ ಇರೋದನ್ನ ವರದಿ ಮಾಡಿದರು. 1954ರಲ್ಲಿ ಆಂಥನಿ ಆಲಿಸನ್ ಆಫ್ರಿಕಾದಲ್ಲಿ ಇದರ ಗುಟ್ಟು ಬಿಡಿಸಿದ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಈ ವಂಶವಾಹಿ ಬಂದರೆ ಮಗುವಿಗೆ ಮಾರಕ ಮಲೇರಿಯಾದಿಂದ ರಕ್ಷಣೆ ಸಿಗುತ್ತೆ. ಇಬ್ಬರಿಂದಲೂ ಬಂದರೆ ಕಾಯಿಲೆ: ಮೈಕೈ ಕೀಲು ನೋವು, ರಕ್ತಹೀನತೆ, ಅಲ್ಪಾಯುಸ್ಸು. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸುರಿಯಲ್ಲೂ ನಾಲ್ಕರಲ್ಲಿ ಒಂದು ಪಾಲು ಆ ಅಪಾಯ. ಅಂದರೆ ಕಾಡಿನ ಜ್ವರದಿಂದ ಕಾಪಾಡಿದ್ದೇ ಇವತ್ತು ಕೆಲವು ಮಕ್ಕಳನ್ನ ಕೊಲ್ಲುತ್ತಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರ ಸಂಸ್ಥೆ ಇದನ್ನ ಎಷ್ಟೋ ವರ್ಷಗಳ ಹಿಂದೆಯೇ ಕೈಗೆತ್ತಿಕೊಂಡಿತು. ಕೇಂದ್ರ ಸರ್ಕಾರದ ನಿರ್ಮೂಲನ ಅಭಿಯಾನ ಶುರುವಾದದ್ದು 2023ರ ಜುಲೈ 1ಕ್ಕೆ, 7 ಕೋಟಿ ಜನರ ತಪಾಸಣೆಯ ಗುರಿಯೊಂದಿಗೆ. ತಪಾಸಣೆ ಸುಲಭ, ಒಂದು ಹನಿ ರಕ್ತ ಸಾಕು. ಆಮೇಲೆ ವರ್ಷಾನುಗಟ್ಟಲೆ ಅದೇ ಮಗುವನ್ನ ಹುಡುಕಿ ಮಾತ್ರೆ ಕೊಡೋದು ಕಷ್ಟ.

ಈಗಿನ ನಿಯಮ ನೋಡಿ. ಬಯಲಲ್ಲಿ 30,000 ಜನಕ್ಕೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅದರ ಕೆಳಗೆ 3,000ಕ್ಕೆ ಒಂದು ಉಪಕೇಂದ್ರ. ಮೇಲೆ 80,000ಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ, 30 ಹಾಸಿಗೆ, ತಜ್ಞ ವೈದ್ಯರು. ತಿತಿಮತಿಯವರಿಗೆ ಅದು ಗೋಣಿಕೊಪ್ಪಲು. ಗುಡ್ಡಗಾಡಿಗೆ ರಿಯಾಯಿತಿ ಕೊಟ್ಟದ್ದು ಒಳ್ಳೇದೇ. ಆದರೆ 20,000 ಅನ್ನೋ ಲೆಕ್ಕ ಜನಗಣತಿಯಿಂದ ಬಂದದ್ದು. ಕಾಫಿ ಕುಯ್ಲಿನ ಡಿಸೆಂಬರಿನಿಂದ ಫೆಬ್ರವರಿವರೆಗೆ ಇಲ್ಲಿ ಇರೋರಲ್ಲಿ ಎಷ್ಟೋ ಜನ ಆ ಲೆಕ್ಕದಲ್ಲಿ ಬೇರೆ ಜಿಲ್ಲೆ, ಬೇರೆ ರಾಜ್ಯದವರು. ಅವರ ಪಾಲಿನ ಮಾತ್ರೆ, ಲಸಿಕೆ ಅವರ ಊರಿನ ಕೇಂದ್ರಕ್ಕೆ ಹೋಗಿರುತ್ತೆ. ಜ್ವರ ಇಲ್ಲಿಗೆ ಬಂದಿರುತ್ತೆ.

ಇಷ್ಟರ ನಡುವೆಯೂ ವ್ಯವಸ್ಥೆ ನಡೀತಿರೋದು ಯಾರಿಂದ ಅಂದರೆ ನಿಯಮದ ಅಂಚು ದಾಟಿ ಕೆಲಸ ಮಾಡೋರಿಂದ. 2005ರಲ್ಲಿ ಬಂದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಆಶಾ ಕಾರ್ಯಕರ್ತೆಯರು ಅದೇ ಊರಿನವರು. ಹಾಡಿಯ ಹೆಣ್ಣುಮಗಳೇ ಆಶಾ ಆದಲ್ಲಿ ಅವಳ ಮಾತೇ ದುಭಾಷಿ. ಯಾವ ಬಸುರಿ ಯಾವ ತೋಟಕ್ಕೆ ಹೋದಳು ಅನ್ನೋದು ಅವಳಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಲಸಿಕೆಯವರು ತಾಯಿ ಕಾರ್ಡಿನಲ್ಲಿ ಬೇರೆ ಜಿಲ್ಲೆಯ ಮೊಹರು ಇದ್ದರೂ ಮಗುವಿಗೆ ಸೂಜಿ ಹಾಕಿ ಕಳಿಸ್ತಾರೆ.

ಈಗ ನಮ್ಮ ಕಸುಬಿನವರ ಸರದಿ. ಆರೋಗ್ಯ ಇಲಾಖೆಯ ಪುಸ್ತಕಗಳೆಲ್ಲ ಪೋರ್ಟಲ್ ಆಗ್ತಿವೆ, 14 ಅಂಕಿಯ ಅಭಾ ನಂಬರ್ ಬಂದಿದೆ. ಸರಿಯಾಗಿ ಮಾಡಿದರೆ ನೂರೈವತ್ತು ವರ್ಷದ ಈ ಸಮಸ್ಯೆಗೆ ಇದು ಒಳ್ಳೇ ಮದ್ದು: ದಾಖಲೆ ಮನೆಯ ಜೊತೆ ಇರದೆ ಮನುಷ್ಯನ ಜೊತೆ ನಡೆಯುತ್ತೆ, ಹುಣಸೂರಲ್ಲಿ ಶುರುವಾದ ಮಾತ್ರೆ ತಿತಿಮತಿಯಲ್ಲಿ ಮುಗಿಯುತ್ತೆ. ಕೆಟ್ಟದಾಗಿ ಮಾಡಿದರೆ ವಿಳಾಸ, ಮೊಬೈಲ್ ನಂಬರ್, ಒಟಿಪಿ ಅಂತ ಮೂರು ಕಡ್ಡಾಯ ಖಾನೆ ಇಟ್ಟು, ಹಳೇ ಮನೆ ನಂಬರನ್ನೇ ಹೊಸ ಪರದೆ ಮೇಲೆ ತಂದು ಕೂರಿಸ್ತೀವಿ. ಖಾನೆ ಕಡ್ಡಾಯವೋ ಅಲ್ಲವೋ ಅಂತ ತೀರ್ಮಾನ ಮಾಡೋನು ಬಹುಶಃ ಬೆಂಗಳೂರಿನ ಯಾವುದೋ ಎಸಿ ರೂಮಲ್ಲಿ ಕೂತಿರೋ ನನ್ನಂಥವನೇ. ಅವನು ಆ ಸಾಲು ಬರೆಯೋ ಮೊದಲು ಕುಯ್ಲಿನ ಕಾಲದಲ್ಲಿ ಒಂದು ದಿನ ತಿತಿಮತಿಯ ಚೀಟಿ ಸಾಲಲ್ಲಿ ನಿಂತು, ಅಲ್ಲಿರೋರನ್ನ "ನಿಮ್ಮ ಮನೆ ಎಲ್ಲಿ" ಅಂತ ಕೇಳಿ ಬರಲಿ. ಎಷ್ಟು ಜನ ಒಂದೇ ಉತ್ತರ ಕೊಡ್ತಾರೆ ಅಂತ ನೋಡಲಿ.